ಮೇಸ್ತ್ರಿ ರಾಕ್ ಸಂಗೀತ ಕೇಳಿದ್ದು

"ಎರಡು ಗಂಟೆ ಹೊತ್ತು ಕಣ್ಣು ಮಿಟುಕಿಸದೆ ಕೂತು ಕೇಳ್ತೀನಿ, ನೋಡ್ತಿರು" ಎಂದು ಮೇಸ್ತ್ರಿ ಶನಿವಾರ ಮಧ್ಯಾಹ್ನ ಕನ್ನಡಿಯ ಮುಂದೆ ಅಂಗಿಯ ಗುಂಡಿ ಹಾಕಿಕೊಳ್ಳುತ್ತ ಘೋಷಿಸಿದರು. ಘೋಷಣೆ ಹೆಂಡತಿಗೆ. ಆಕೆ ಆಸ್ಪತ್ರೆಯೊಂದರ ವಿಚಾರಣೆ ಕೌಂಟರಿನಲ್ಲಿ ಕೆಲಸ ಮಾಡುವವರು, ದಿನಕ್ಕೆ ಮುನ್ನೂರು ಜನರಿಗೆ ಉತ್ತರ ಕೊಟ್ಟು ಕೊಟ್ಟು ಮನೆಯಲ್ಲಿ ಮಾತನ್ನು ಅಳೆದು ಬಳಸುತ್ತಿದ್ದರು. ಘೋಷಣೆ ಕೇಳಿ ಹತ್ತಿಯ ಎರಡು ಉಂಡೆ ಮಾಡಿ ಪುಟ್ಟ ಡಬ್ಬಿಯಲ್ಲಿ ಹಾಕಿ ಮೇಜಿನ ಮೇಲಿಟ್ಟರು.

ಮೇಸ್ತ್ರಿ ಆ ಡಬ್ಬಿಯನ್ನು ನೋಡಿ ನಕ್ಕರು. ನೂರ ಇಪ್ಪತ್ತು ಮಗ್ಗಗಳ ನಡುವೆ ಇಪ್ಪತ್ತೆಂಟು ವರ್ಷ ನಿಂತ ಕಿವಿ ಇದು, ಗಿರಣಿಯ ವೈದ್ಯರು ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿ ಇಷ್ಟು ಚೆನ್ನಾಗಿ ಹೇಗೆ ಉಳಿಯಿತು ಎಂದು ತಲೆ ಕೆರೆದುಕೊಂಡ ಕಿವಿ ಇದು, ಐದು ಜನ ಚಿಕ್ಕವರ ಗದ್ದಲಕ್ಕೆ ಹತ್ತಿ ಇಟ್ಟುಕೊಳ್ಳುವುದೇ ಎಂದು ಒಂದು ಭಾಷಣವನ್ನೇ ಮಾಡಿದರು. ಹೆಂಡತಿ ಡಬ್ಬಿಯನ್ನು ತಮ್ಮ ಚೀಲಕ್ಕೆ ಹಾಕಿಕೊಂಡರು. ಭಾಷಣವೇನೋ ನಿಜವಾಗಿತ್ತು. ಮೇಸ್ತ್ರಿಯ ಕಿವಿಯಲ್ಲಿ ಯಾವ ದೋಷವೂ ಇರಲಿಲ್ಲ. ಅಪಾಯ ಬೇರೆ ಕಡೆ ಹೊಂಚು ಹಾಕಿ ಕೂತಿತ್ತು.

ಮೇಸ್ತ್ರಿ ಎಂದರೆ ನೇಯ್ಗೆ ಮೇಸ್ತ್ರಿ. ಅವರ ಇಡೀ ಕಸುಬು ಒಂದೇ ವಿದ್ಯೆಯ ಮೇಲೆ ನಿಂತಿತ್ತು. ನೂಲು ಹರಿದರೆ ಮಗ್ಗ ನಿಲ್ಲುತ್ತದೆ, ನೂರ ಇಪ್ಪತ್ತು ಮಗ್ಗಗಳ ಅಬ್ಬರದಲ್ಲಿ ಒಂದು ನಿಂತದ್ದು ಬೇರೆಯವರಿಗೆ ತಿಳಿಯುವುದೇ ಇಲ್ಲ. ಮೇಸ್ತ್ರಿಗೆ ತಿಳಿಯುತ್ತಿತ್ತು. ಬೆನ್ನು ಮಾಡಿ ನಿಂತಿದ್ದರೂ ತಿರುಗಿ, "ನಾಲ್ಕನೇ ಮಗ್ಗ" ಎಂದು ಕೂಗಿ ಓಡುತ್ತಿದ್ದರು. ಅವರು ಸಂಸಾರ ಹೂಡಿದ ಮನೆಯೂ ಗಿರಣಿಯದೇ, ಮಲಗುವ ಕೋಣೆಯ ಗೋಡೆಯೂ ಮಗ್ಗದ ಶೆಡ್ಡಿನ ಗೋಡೆಯೂ ಒಂದೇ. ಮೂರು ಪಾಳಿಯಲ್ಲೂ ಗೋಡೆ ನಡುಗುತ್ತಿತ್ತು. ಗಂಡ, ಹೆಂಡತಿ, ತೊಟ್ಟಿಲಲ್ಲಿ ಮಗಳು, ಮೂವರೂ ಆ ನಡುಕದಲ್ಲೇ ಸೊಗಸಾಗಿ ಮಲಗಿದರು. ಕರೆಂಟು ಹೋಗಿ ಶೆಡ್ಡು ನಿಂತರೆ ಮಾತ್ರ ಮೇಸ್ತ್ರಿ ಹಾಸಿಗೆಯಿಂದ ಎದ್ದು ಬಾಗಿಲ ತನಕ ಓಡಿಬಿಡುತ್ತಿದ್ದರು.

ನಾಲ್ಕು ತಿಂಗಳ ಹಿಂದೆ ಬಡ್ತಿ ಬಂತು. ಬಟ್ಟೆ ತಪಾಸಣೆಯ ಕೋಣೆ, ಸುತ್ತ ಗಾಜು, ನೆಲಕ್ಕೆ ಜಮಖಾನ, ಎದುರಿಗೆ ಒಬ್ಬ ಗುಮಾಸ್ತ. ಆತ ಪುಟ ತಿರುಗಿಸುವಾಗ ಬೆರಳಿಗೆ ಎಂಜಲು ಹಚ್ಚಿಕೊಳ್ಳುವ ಸದ್ದೂ ಕೇಳುತ್ತಿತ್ತು. ಬಡ್ತಿಯ ಜೊತೆಗೆ ದೂರದ ಬೀದಿಯಲ್ಲಿ ಹೊಸ ಮನೆ. ಆ ಬೀದಿ ಎಷ್ಟು ಶಾಂತವೆಂದರೆ ಅಲ್ಲಿ ಬೆಕ್ಕು ಸಹ ಚಪ್ಪಲಿ ಕಳಚಿಟ್ಟು ನಡೆಯುತ್ತಿತ್ತು. ಮೊದಲ ವಾರ ಮೇಸ್ತ್ರಿ ಮಾತು ಬೆಳ್ಳಿ ಮೌನ ಬಂಗಾರ ಎಂದು ಎಲ್ಲರಿಗೂ ಹೇಳಿಕೊಂಡು ತಿರುಗಿದರು. ಎರಡನೆಯ ವಾರದಿಂದ ನಿದ್ದೆ ನಿಂತುಹೋಯಿತು.

ಆಮೇಲೆ ನಡೆದದ್ದೆಲ್ಲ ಸದುದ್ದೇಶದ್ದೇ. ವೈದ್ಯರು ಗಲಾಟೆ ತಪ್ಪಿಸಿ ಎಂದರು. ಹೆಂಡತಿ ಕಿಟಕಿಗೆ ದಪ್ಪ ಪರದೆ ಹಾಕಿದರು, ಬಾಗಿಲಿನ ಕೀಲಿಗೆ ಎಣ್ಣೆ ಬಿಟ್ಟರು, ಕೊನೆಗೆ ಟಿಕ್ ಟಿಕ್ ಅನ್ನುತ್ತಿದ್ದ ಗೋಡೆ ಗಡಿಯಾರವನ್ನೂ ನಿಲ್ಲಿಸಿದರು. ಮನೆ ಸ್ತಬ್ಧವಾದಷ್ಟೂ ಮೇಸ್ತ್ರಿಯ ಕಣ್ಣು ಅಗಲವಾಯಿತು. ಕಣ್ಣ ಕೆಳಗೆ ಚೀಲ ಬಂತು, ನಡೆದಾಡುವಾಗ ಭುಜ ಇಳಿಯಿತು. ಗದ್ದಲವೇ ಮದ್ದು ಎಂದು ಮಾತ್ರ ಯಾರಿಗೂ ಹೊಳೆಯಲಿಲ್ಲ, ಸ್ವತಃ ರೋಗಿಗೂ.

ಇನ್ನು ಮಗಳ ವಿಷಯ. ಆಕೆ ಹಗಲು ದಂತವೈದ್ಯರ ಕ್ಲಿನಿಕ್ಕಿನಲ್ಲಿ ಇಕ್ಕಳ, ಹತ್ತಿ ಕೊಡುವ ಸಹಾಯಕಿ, ಸಂಜೆ ಒಂದು ರಾಕ್ ತಂಡದಲ್ಲಿ ಡ್ರಮ್ಸ್ ಬಾರಿಸುವವಳು. ಎರಡು ವರ್ಷದ ಹಿಂದೆ ಡ್ರಮ್ಸ್ ಮನೆಗೆ ತಂದಾಗ ಮೇಸ್ತ್ರಿ ದಣಿದು ಬಂದಿದ್ದರು. "ಗದ್ದಲ ಕೇಳೋಕೆ ಗಿರಣಿ ನನಗೆ ಸಂಬಳ ಕೊಡುತ್ತೆ. ನೀನು ಬಿಟ್ಟಿ ಕೇಳಿಸ್ತೀಯಲ್ಲ" ಎಂದುಬಿಟ್ಟರು. ತಮಾಷೆಗೆ ಅಂದದ್ದು. ಮಗಳು ನಗಲಿಲ್ಲ. ಮರುದಿನವೇ ಡ್ರಮ್ಸ್ ತಂಡದ ಗಾಯಕನ ಗ್ಯಾರೇಜಿಗೆ ಹೋಯಿತು. ಅಂದಿನಿಂದ ಆ ಮನೆಯಲ್ಲಿ ಸಂಗೀತದ ಮಾತೇ ಇಲ್ಲ. ಊಟ ಆಯ್ತಾ, ಆಯ್ತು. ಕೊಡೆ ತಗೊಂಡ್ಯಾ, ತಗೊಂಡೆ. ಬಾಯಿ ತಪ್ಪಿ ಆಡಿದ ಮಾತು ಅದು ಎಂದು ಹೇಳಲು ಮೇಸ್ತ್ರಿಗೆ ಎರಡು ವರ್ಷ ಬಾಯಿ ಬರಲಿಲ್ಲ. ಮನಸ್ಸಿಗೆ ಮಾತ್ರ ಅದು ಹಗಲೂ ಇರುಳೂ ಚುಚ್ಚುತ್ತಿತ್ತು.

ಹೀಗಿರುವಾಗ ಕಳೆದ ವಾರ ಮಗಳು ತಾನಾಗಿಯೇ ಎರಡು ಟಿಕೆಟು ತಂದು ಅಪ್ಪನ ತಟ್ಟೆಯ ಪಕ್ಕ ಇಟ್ಟಳು.

"ನಮ್ಮ ತಂಡದ್ದೇ ಮೊದಲು. ಮೂರನೇ ಹಾಡು ನಾನೇ ಕಟ್ಟಿದ್ದು ಅಪ್ಪ. ಚೆನ್ನಾಗಿದೆ ಅಂತ ಹೇಳಬೇಕಾಗಿಲ್ಲ. ಪೂರ್ತಿ ಕೇಳು, ಸಾಕು."

ಮೇಸ್ತ್ರಿ ಮಾತು ಕೊಟ್ಟರು. ಕೊಟ್ಟ ಮಾತನ್ನು ಉಳಿಸಿಕೊಂಡರೆ ಎರಡು ವರ್ಷದ ಹಿಂದಿನ ಮಾತನ್ನು ಹಿಂತೆಗೆದುಕೊಂಡ ಹಾಗೇ ಎಂದು ಅವರ ಲೆಕ್ಕ. ಒಂದು ಹಾಡು ಕೇಳುವುದು ಯಾವ ಮಹಾ ವಿದ್ಯೆ.

ಸಭಾಂಗಣ ಹಳೆಯದು, ಕುರ್ಚಿಗಳಿಗೆ ಕೆಂಪು ರೆಕ್ಸಿನ್ನು. ಕಾರ್ಯಕ್ರಮ ನಾಲ್ಕು ಗಂಟೆಗೆ. ನಾಲ್ಕು ತಂಡ, ತಂಡಕ್ಕೆ ನಾಲ್ಕು ಹಾಡು, ಅರ್ಧ ಗಂಟೆಗೆ ಒಂದು ನಿಮಿಷವೂ ಹೆಚ್ಚಿಲ್ಲ ಎಂದು ಬಾಗಿಲಲ್ಲೇ ಬರೆದು ಅಂಟಿಸಿದ್ದರು. ಟಿಕೆಟು ನೋಡುವ ಹೆಂಗಸು ಮೇಸ್ತ್ರಿಯ ವಯಸ್ಸು ನೋಡಿ, ಹಿಂದಿನ ಸಾಲಲ್ಲಿ ಕೂತರೆ ಒಳ್ಳೆಯದು, ಮುಂದೆ ಸ್ಪೀಕರು ಬಹಳ ಜೋರು ಎಂದು ಕಾಳಜಿಯಿಂದ ಹೇಳಿದಳು. ಮೇಸ್ತ್ರಿಗೆ ಅದು ಸವಾಲಾಗಿ ಕೇಳಿಸಿತು. ನೇರ ಮುಂದಿನ ಸಾಲಿಗೆ ಹೋಗಿ, ಬೀರುವಿನಷ್ಟೆತ್ತರದ ಸ್ಪೀಕರಿನ ಎದುರಿನ ಕುರ್ಚಿಯನ್ನೇ ಆರಿಸಿ, ಎರಡೂ ಕೈ ಮೊಣಕಾಲ ಮೇಲಿಟ್ಟು, ಫೋಟೋ ತೆಗೆಸಿಕೊಳ್ಳುವವರಂತೆ ನೆಟ್ಟಗೆ ಕೂತರು. ಸುತ್ತ ಇದ್ದವರೆಲ್ಲ ಕಪ್ಪು ಅಂಗಿಯ ಚಿಕ್ಕವರು. ಇಸ್ತ್ರಿ ಮಾಡಿದ ಬಿಳಿ ಅಂಗಿ ಆ ಸಭೆಯಲ್ಲಿ ಒಂದೇ ಒಂದು.

ಪರದೆ ಸರಿಯಿತು. ಹಿಂದೆ ಎತ್ತರದ ಹಲಗೆಯ ಮೇಲೆ ಮಗಳು. ಮುಂದೆ ಗಾಯಕ. ಆತ ನೆತ್ತಿಯ ಮೇಲೆ ಕೂದಲು ಕಟ್ಟುತ್ತಿದ್ದುದರಿಂದ ತಂಡದವರು ಆತನನ್ನು ಜುಟ್ಟು ಎಂದೇ ಕರೆಯುತ್ತಿದ್ದರು. ಮೊದಲ ಹಾಡು ಶುರುವಾದ ಏಟಿಗೆ ಹಿಂದಿನ ಸಾಲಿನವರು ಎದ್ದು ಕುಣಿದರು, ಹೆಂಡತಿ ಕಿವಿ ಮುಚ್ಚಿಕೊಂಡರು. ಮೇಸ್ತ್ರಿ ಜಗ್ಗಲಿಲ್ಲ. ಸದ್ದು ನೆಲದಿಂದ ಬೂಟಿಗೆ, ಬೂಟಿನಿಂದ ಕುರ್ಚಿಗೆ, ಕುರ್ಚಿಯಿಂದ ಬೆನ್ನಿಗೆ ಏರಿತು. ಯಾರೋ ಬಹಳ ಪರಿಚಯದವರು ಬೆನ್ನ ಮೇಲೆ ಕೈ ಇಟ್ಟಂತೆ ಹಿತವೆನಿಸಿತು. ಎಲ್ಲಿಯ ಹಿತ ಇದು ಎಂದು ಯೋಚಿಸಲು ಅವರು ಒಂದು ಕ್ಷಣ ಕಣ್ಣು ಮುಚ್ಚಿದರು.

ನಾಲ್ಕು ತಿಂಗಳಿಂದ ಪರದೆ, ಹಾಲು, ಮಾತ್ರೆ ಯಾವುದಕ್ಕೂ ಬಗ್ಗದ ಕಣ್ಣು ಆ ಒಂದು ಕ್ಷಣದಲ್ಲಿ ಶರಣಾಯಿತು.

ಹಾಡು ಮುಗಿಯಿತು. ಚಪ್ಪಾಳೆ ಏಳುವ ಮುನ್ನ ಅರೆಗಳಿಗೆಯ ಮೌನ ಇರುತ್ತದಲ್ಲ, ಅಷ್ಟು ಸಾಕಾಯಿತು. ಮೇಸ್ತ್ರಿ ಕುರ್ಚಿಯಿಂದ ಚಿಮ್ಮಿ, ನಾಲ್ಕು ಹೆಜ್ಜೆ ಓಡಿ, ಸ್ಪೀಕರನ್ನು ಎರಡೂ ಕೈಯಲ್ಲಿ ತಬ್ಬಿ, ಅದರ ಪಕ್ಕದಲ್ಲಿ ಮಗ್ಗದ ಹಿಡಿ ಹುಡುಕತೊಡಗಿದರು. ಹಿಡಿ ಸಿಗಲಿಲ್ಲ. ಆಗ ಎಚ್ಚರವಾಯಿತು. ಸಭೆಯೆಲ್ಲ ತಮ್ಮನ್ನೇ ನೋಡುತ್ತಿದೆ. ಮೇಸ್ತ್ರಿ ಗಂಭೀರವಾಗಿ ಸ್ಪೀಕರನ್ನು ಎರಡು ಸಲ ತಟ್ಟಿ, ಹಿಂತಿರುಗಿ ಚಪ್ಪಾಳೆ ಹೊಡೆಯುತ್ತ ಬಂದು ಕೂತರು. ಕುತ್ತಿಗೆಗೆ ಸರಪಳಿ ಹಾಕಿಕೊಂಡ ಒಬ್ಬ ಯುವಕ ಇಂಥ ರಸಿಕರು ಅಪರೂಪ ಎಂದು ಹಿಂದಿನಿಂದ ಬಾಗಿ ಕೈ ಕುಲುಕಿದ.

"ಎಲ್ಲಿಗೆ ಹೊರಟಿದ್ರಿ?" ಎಂದು ಹೆಂಡತಿ ಕೇಳಿದರು.

"ಮೆಚ್ಚುಗೆ ತೋರಿಸೋಕೆ."

"ಗೊರಕೆ ಹೊಡೀತಾ?"

ಮೇಸ್ತ್ರಿ ವೇದಿಕೆಯತ್ತ ತಿರುಗಿ ಕೂತರು. ಒಳಗೊಳಗೇ ಹೆದರಿಕೆ ಶುರುವಾಗಿತ್ತು. ಇನ್ನೊಂದು ಹಾಡು ಕಳೆದರೆ ಮಗಳದ್ದು. ಅಷ್ಟರಲ್ಲಿ ಈ ದರಿದ್ರ ನಿದ್ದೆಯನ್ನು ಒದ್ದು ಓಡಿಸಬೇಕು.

ಎರಡನೆಯ ಹಾಡಿಗೆ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೂತರು. ತೊಡೆ ಚಿವುಟಿಕೊಂಡರು, ನಾಲಿಗೆ ಕಚ್ಚಿಕೊಂಡರು, ಮೇಲಿನ ದೀಪಗಳನ್ನು ಎಣಿಸಿದರು. ಹನ್ನೆರಡನೆಯ ದೀಪದ ನಂತರದ್ದು ನೆನಪಿಲ್ಲ. ಆ ಹಾಡಿನ ನಟ್ಟನಡುವೆ ತಂಡದವರು ಒಂದು ಚಮತ್ಕಾರ ಇಟ್ಟಿದ್ದರು. ಎಲ್ಲ ವಾದ್ಯಗಳೂ ಒಮ್ಮೆಲೇ ನಿಂತು, ಎರಡು ಉಸಿರಿನಷ್ಟು ಹೊತ್ತು ಸಭೆಯನ್ನು ತುದಿಗಾಲಲ್ಲಿ ನಿಲ್ಲಿಸಿ, ಮತ್ತೆ ಭೋರ್ಗರೆಯಬೇಕು. ವಾದ್ಯಗಳು ನಿಂತವು. ಸಭೆ ಉಸಿರು ಹಿಡಿಯಿತು. ಆ ಪವಿತ್ರ ಮೌನದಲ್ಲಿ ಮುಂದಿನ ಸಾಲಿನಿಂದ ಬಿಳಿ ಅಂಗಿಯೊಂದು ಎದ್ದು ನಿಂತು ಇಪ್ಪತ್ತೆಂಟು ವರ್ಷದ ಅನುಭವದ ಕಂಠದಲ್ಲಿ ಗರ್ಜಿಸಿತು.

"ನಾಲ್ಕನೇ ಮಗ್ಗ ನಿಂತಿದೆ!"

ಜುಟ್ಟು ಹಾಡಿನ ಮುಂದಿನ ಸಾಲು ಮರೆತು ನಿಂತ. ಹಿಂದೆ ಸರಪಳಿ ಯುವಕನಿಗೆ ಮಾತ್ರ ಇದರಲ್ಲಿ ಯಾವುದೋ ಘನವಾದ ಅರ್ಥ ಕಂಡಿರಬೇಕು. ಅವನು ಮುಷ್ಟಿ ಎತ್ತಿ "ನಾಲ್ಕನೇ ಮಗ್ಗ" ಎಂದ. ಅವನ ಸಾಲು ಹೇಳಿತು, ಆಮೇಲೆ ಬಾಲ್ಕನಿ ಹೇಳಿತು. ಎರಡು ನಿಮಿಷ ಇಡೀ ಸಭಾಂಗಣ ನಾಲ್ಕನೇ ಮಗ್ಗದ ಹೆಸರಲ್ಲಿ ನಡುಗಿತು. ಗಿರಣಿಯಲ್ಲಿ ಆ ಮಗ್ಗಕ್ಕೆ ಅಂಥ ಗೌರವ ಎಂದೂ ಸಿಕ್ಕಿರಲಿಲ್ಲ, ಬರೀ ಬೈಗುಳ ತಿಂದ ಮಗ್ಗ ಅದು. ಮೇಸ್ತ್ರಿ ಕುರ್ಚಿಯಲ್ಲಿ ಕುಸಿದು ತಲೆ ತಗ್ಗಿಸಿದರು. ತಲೆ ಎತ್ತಿದಾಗ ಡ್ರಮ್ಸಿನ ಹಿಂದಿನಿಂದ ಮಗಳು ತಮ್ಮನ್ನೇ ನೋಡುತ್ತಿದ್ದಳು. ಕೋಪವೇ ಎಂದುಕೊಂಡರು.

ಹೇಗೋ ಆ ಹಾಡು ಮುಗಿಯಿತು. ಹೆಂಡತಿ ಚೀಲದಿಂದ ಡಬ್ಬಿ ತೆಗೆದು, ಕೇಳದೆ ಹೇಳದೆ, ಗಂಡನ ಎರಡೂ ಕಿವಿಗೆ ಹತ್ತಿ ತುರುಕಿದರು. ಕಾರಣ ಇಷ್ಟೇ. ಗದ್ದಲವಾದರೆ ಮಲಗುತ್ತಾರೆ, ನಿಂತರೆ ಏಳುತ್ತಾರೆ, ಹಾಗಾದರೆ ಗದ್ದಲವೇ ಕೇಳದಿದ್ದರಾಯಿತು. ವಿಚಾರಣೆ ಕೌಂಟರಿನವರ ತರ್ಕ ಅದು, ತಪ್ಪುವುದಿಲ್ಲ. ಹತ್ತಿ ಕಿವಿಯೊಳಗೆ ಹೋದದ್ದೇ ತಡ ಮೇಸ್ತ್ರಿಯ ಕಣ್ಣು ದೀಪದಂತೆ ಹತ್ತಿಕೊಂಡಿತು. ಜುಟ್ಟು ಮೈಕಿನ ಮುಂದೆ ಏನೋ ಹೇಳಿ ಹಿಂದಕ್ಕೆ ಕೈ ತೋರಿಸಿದ. ಮಗಳು ಎದ್ದು ತಲೆಬಾಗಿಸಿ ಕೂತಳು. ಮೂರನೆಯ ಹಾಡು.

ಮಗಳ ಕೈ ಏಳುವುದು ಕಂಡಿತು, ಇಳಿಯುವುದು ಕಂಡಿತು. ಸದ್ದು ಮಾತ್ರ ಇಲ್ಲ. ತಪಾಸಣೆ ಕೋಣೆಯ ಗಾಜಿನೊಳಗೆ ಕೂತು ಹೊರಗೆ ಓಡುವ ಮಗ್ಗಗಳನ್ನು ನೋಡಿದ ಹಾಗೇ ಆಯಿತು. ಮೇಸ್ತ್ರಿ ನಿಜವಾದ ಸಂಕಟಕ್ಕೆ ಬಿದ್ದರು. ಹತ್ತಿ ಇದ್ದರೆ ಎಚ್ಚರ ಇರುತ್ತದೆ, ಹಾಡು ಇರುವುದಿಲ್ಲ. ಹತ್ತಿ ತೆಗೆದರೆ ಹಾಡು ಇರುತ್ತದೆ, ತಾವು ಇರುವುದಿಲ್ಲ. ಹತ್ತಿ ಬಿಟ್ಟುಕೊಂಡೇ ಕೂತು ತಲೆ ಆಡಿಸಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆದರೆ ನೋಡುತ್ತೇನೆ ಎಂದು ಮಾತು ಕೊಟ್ಟಿರಲಿಲ್ಲವಲ್ಲ, ಕೇಳುತ್ತೇನೆ ಎಂದು ಕೊಟ್ಟಿದ್ದರು. ಹೆಂಡತಿ ಬೇಡ ಬೇಡ ಎಂದು ಕೈ ಹಿಡಿದರು. ಮೇಸ್ತ್ರಿ ಕೈ ಬಿಡಿಸಿಕೊಂಡು ಎರಡೂ ಕಿವಿಯ ಹತ್ತಿ ಕಿತ್ತು ಜೇಬಿಗೆ ಹಾಕಿದರು.

ಆಗ ಕೇಳಿಸಿತು. ಗಿಟಾರು ಇನ್ನೂ ಶುರುವಾಗಿರಲಿಲ್ಲ, ಮಗಳೊಬ್ಬಳೇ ಬಾರಿಸುತ್ತಿದ್ದಳು. ಒಂದು ಪೆಟ್ಟು ಹೋಗುತ್ತದೆ, ಇನ್ನೊಂದು ಬರುತ್ತದೆ, ನಡುವೆ ಕೂದಲೆಳೆಯಷ್ಟು ತಡ. ನೂಲು ಹೊತ್ತ ಲಾಳಿ ಮಗ್ಗದ ಆ ದಡಕ್ಕೆ ಹೋಗಿ ಈ ದಡಕ್ಕೆ ಬರುವ ನಡಿಗೆ. ಇದನ್ನು ಇವಳಿಗೆ ಯಾರು ಕಲಿಸಿದರು ಎಂದುಕೊಂಡರು, ತೊಟ್ಟಿಲ ಪಕ್ಕದ ಆ ನಡುಗುವ ಗೋಡೆಯೇ ಎಂದು ಮರುಗಳಿಗೆಗೆ ಹೊಳೆಯಿತು. ಮೇಸ್ತ್ರಿಗೆ ಸಂತೋಷವಾಯಿತು. ನಾಲ್ಕು ತಿಂಗಳಲ್ಲ, ಎರಡು ವರ್ಷದಿಂದ ಎದೆಯಲ್ಲಿದ್ದ ಭಾರ ಇಳಿದು ಹಗುರಾಯಿತು. ಹಗುರಾದದ್ದೇ ಮುಳುವಾಯಿತು. ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ ಎನ್ನುತ್ತಾರೆ, ಇಲ್ಲಿ ಸಂತೆ ಮೊದಲೇ ಸಿದ್ಧವಿತ್ತು, ಚಿಂತೆಯೊಂದು ಹೋಗಬೇಕಿತ್ತು, ಅದೂ ಹೋಯಿತು. ಸರಿಯಾಗಿ ಹನ್ನೊಂದು ಪೆಟ್ಟು ಕೇಳಿದರು.

ಮತ್ತೆ ಎಚ್ಚರವಾದಾಗ ಸದ್ದು ನಿಂತಿರಲಿಲ್ಲ, ಬದಲಾಗಿತ್ತು. ಲಟಕ್ ಎಂದು ಏನೋ ಮುರಿದಿತ್ತು. ಕಣ್ಣು ಬಿಟ್ಟರೆ ಸಭೆಯೆಲ್ಲ ಎದ್ದು ನಿಂತಿದೆ. ಗಿಟಾರಿನವರು ಕೈ ಕಟ್ಟಿಕೊಂಡಿದ್ದಾರೆ. ಮಗಳೊಬ್ಬಳೇ, ಕೂದಲು ಒದ್ದೆಯಾಗಿ ಹಣೆಗಂಟಿಕೊಂಡು, ಒಂದು ಕೈಯಲ್ಲಿ ಇಡೀ ಕೋಲು, ಇನ್ನೊಂದರಲ್ಲಿ ಮುರಿದ ಅರ್ಧ ಹಿಡಿದು ಇನ್ನೂ ಬಾರಿಸುತ್ತಿದ್ದಾಳೆ. ಅಪ್ಪ ಕಣ್ಣು ಬಿಟ್ಟದ್ದನ್ನು ನೋಡಿದಳು. ಎರಡು ಪೆಟ್ಟು ಜೋರಾಗಿ ಹೊಡೆದು ಮುಗಿಸಿಬಿಟ್ಟಳು.

ಮೇಸ್ತ್ರಿ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದರು. ಹೆಚ್ಚೆಂದರೆ ಒಂದು ನಿಮಿಷ ಕಣ್ಣು ಹತ್ತಿರಬೇಕು ಎಂದು ಅವರ ಅಂದಾಜು. ಆದರೂ ಆ ಒಂದು ನಿಮಿಷಕ್ಕೆ ಮೈ ಹೂವಿನಷ್ಟು ಹಗುರ, ತಲೆ ತೊಳೆದಿಟ್ಟ ಹಾಗೆ. ಪಕ್ಕದಲ್ಲಿ ಹೆಂಡತಿ ಕಣ್ಣೊರೆಸಿಕೊಳ್ಳುತ್ತಿದ್ದರು. ಹಾಡು ಅಷ್ಟು ಮುಟ್ಟಿತಲ್ಲ ಎಂದು ಮೇಸ್ತ್ರಿಗೆ ಹೆಮ್ಮೆಯೂ ಆಯಿತು, ತಮಗೆ ತಪ್ಪಿದ್ದು ಆಕೆಗೆ ದಕ್ಕಿತಲ್ಲ ಎಂದು ಹೊಟ್ಟೆಕಿಚ್ಚೂ ಆಯಿತು. ನಾಲ್ಕನೆಯ ಹಾಡು ಬರಲೇ ಇಲ್ಲ. ಪರದೆ ಬಿತ್ತು. ಜುಟ್ಟು ಯಾರ ಮುಖವನ್ನೂ ನೋಡದೆ ಒಳಗೆ ನಡೆದ.

ಎರಡನೆಯ ತಂಡ ಶುರುವಾಗುವ ಮೊದಲೇ ಗಂಡ ಹೆಂಡತಿ ವೇದಿಕೆಯ ಹಿಂದಕ್ಕೆ ಹೋದರು. ಓಣಿಯಂಥ ದಾರಿ, ಕಾಲಿಗೆ ಸಿಗುವ ವೈರುಗಳು, ಖಾಲಿ ಪೆಟ್ಟಿಗೆಗಳು. ದಾರಿಯುದ್ದಕ್ಕೂ ಮೇಸ್ತ್ರಿ ಮನಸ್ಸಿನಲ್ಲಿ ಮಾತು ಜೋಡಿಸಿಕೊಂಡರು. ಪೂರ್ತಿ ಕೇಳಿದೆ ಎಂದು ಅವಳಿಗೆ ನಂಬಿಕೆ ಬರಬೇಕು. ಬರೀ ಹೊಗಳಿದರೆ ಅನುಮಾನ ಬರುತ್ತದೆ. ನಿಜವಾಗಿ ಕೇಳಿದವನು ಒಂದು ತಪ್ಪು ಹುಡುಕಿಯೇ ಹುಡುಕುತ್ತಾನೆ, ಬಟ್ಟೆ ತಪಾಸಣೆಯಲ್ಲಿ ತಾವು ಮಾಡುವುದೂ ಅದನ್ನೇ. ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎಂಬ ಗತ್ತಿನಲ್ಲಿ ಹೆಜ್ಜೆ ಹಾಕಿದರು. ಹೆಂಡತಿ ತೋಳು ಜಗ್ಗಿ, ಏನೂ ಮಾತಾಡಬೇಡಿ, ಸುಮ್ಮನೆ ತಲೆ ಸವರಿ ಬನ್ನಿ ಎಂದರು. ಒಳ್ಳೆಯ ಸಲಹೆ. ಮೇಸ್ತ್ರಿ ಕೇಳಲಿಲ್ಲ.

ಮಗಳು ಪೆಟ್ಟಿಗೆಯೊಂದರ ಮೇಲೆ ಕೂತು ಎರಡೂ ಕೈಯನ್ನು ನೀರಿನ ಬಕೆಟಿನಲ್ಲಿ ಅದ್ದಿಕೊಂಡಿದ್ದಳು. ಮೂಲೆಯಲ್ಲಿ ಜುಟ್ಟು ಗಿಟಾರನ್ನು ಚೀಲಕ್ಕೆ ತುರುಕುತ್ತಿದ್ದ.

ಮೇಸ್ತ್ರಿ ಗಂಟಲು ಸರಿಮಾಡಿಕೊಂಡರು. ಶುರು ಬಹಳ ಚೆನ್ನಾಗಿತ್ತು ಎಂದರು, ಲಾಳಿಯ ನಡಿಗೆ ಹಾಗೇ ಬಂದಿದೆ ಎಂದರು. ಮಗಳ ಮುಖ ಅರಳಿತು. ಅಲ್ಲಿಗೆ ನಿಲ್ಲಿಸಿದ್ದರೆ ಈ ಕಥೆಯೂ ಅಲ್ಲಿಗೇ ಮುಗಿಯುತ್ತಿತ್ತು.

"ಮಧ್ಯಭಾಗವಂತೂ ಬಾಯಲ್ಲಿ ಹೇಳೋ ಹಾಗೇ ಇಲ್ಲ" ಎಂದು ಮೇಸ್ತ್ರಿ ಮುಂದುವರಿಸಿದರು. "ಒಂದೇ ಕೊರತೆ ಕಣಮ್ಮ. ಕೊನೇಲಿ ಸ್ವಲ್ಪ ಎಳೆದೆ. ಮಗ್ಗ ಓಡಿಸೋನಿಗೆ ನಾವು ಮೊದಲು ಕಲಿಸೋದು ಎಲ್ಲಿ ನಿಲ್ಲಿಸಬೇಕು ಅನ್ನೋದನ್ನ."

ಜುಟ್ಟು ಗಿಟಾರು ಕೆಳಗಿಟ್ಟ. ಹಿರಿಯರು ನ್ಯಾಯ ಹೇಳಿದರು ಎಂದು ಅವನಿಗೆ ಸಮಾಧಾನವಾಗಿರಬೇಕು. "ನೀವೇ ಹೇಳಿ ಸಾರ್. ನಾಲ್ಕು ನಿಮಿಷದ ಹಾಡು, ಇಪ್ಪತ್ತು ನಿಮಿಷ ಬಾರಿಸಿದ್ಲು. ನಿಲ್ಲಿಸು ಅಂತ ನಾನು ಐದು ಸಲ ಸನ್ನೆ ಮಾಡ್ದೆ. ನಾಲ್ಕನೇದು ನನ್ನ ಹಾಡು ಸಾರ್, ಬಾಲ್ಕನೀಲಿ ನಮ್ಮಮ್ಮ ಕೂತಿದ್ರು. ಸಮಯವೇ ಉಳೀಲಿಲ್ಲ."

ಇಪ್ಪತ್ತು ನಿಮಿಷ ಎಂದಾಗ ಮೇಸ್ತ್ರಿಗೆ ಒಳಗೆ ಏನೋ ತಟ್ಟಿತು. ಆದರೆ ತಂದೆಯ ಗಾಂಭೀರ್ಯ ಅಷ್ಟರಲ್ಲಿ ತುಂಬ ಮುಂದೆ ಹೋಗಿಬಿಟ್ಟಿತ್ತು, ಹಿಂದಕ್ಕೆ ಬರಲಾರದಷ್ಟು. ಜೊತೆಯವನ ಪಾಲನ್ನು ಹೀಗೆ ನುಂಗಬಾರದು, ದುಡಿಯುವ ಜಾಗದಲ್ಲಿ ಅದು ದೊಡ್ಡ ತಪ್ಪು ಎಂದು ಮಗಳಿಗೆ ಹೇಳಿದರು. ಅವಳು ತಪ್ಪು ಹೌದು ಎಂದು ಒಪ್ಪಿಕೊಂಡಳು, ಮುಂದಿನ ಸಲ ಪೂರ್ತಿ ಹೊತ್ತು ನಿನಗೇ ಎಂದು ಜುಟ್ಟುವಿಗೆ ಹೇಳಿದಳು. ಬಕೆಟಿನಿಂದ ಕೈ ಮೇಲೆತ್ತಿದಳು. ಎರಡೂ ಅಂಗೈಯಲ್ಲಿ ಬೊಬ್ಬೆ ಎದ್ದು ಒಡೆದಿತ್ತು.

"ಮತ್ತೆ, ಯಾಕಮ್ಮ ನಿಲ್ಲಿಸಲಿಲ್ಲ?" ಎಂದು ಮೇಸ್ತ್ರಿ ಕೇಳಿದರು. ಈ ಸಲ ದನಿಯಲ್ಲಿ ಗತ್ತು ಇರಲಿಲ್ಲ.

ಮಗಳು ಒದ್ದೆ ಕೈಯನ್ನು ಬಟ್ಟೆಗೆ ಒರೆಸಿಕೊಂಡಳು.

"ನಿಲ್ಲಿಸಿದ್ರೆ ನಿನಗೆ ಎಚ್ಚರ ಆಗ್ತಿತ್ತಲ್ಲಪ್ಪ."